ಡಬ್ಬ ಬಿಗಿಯಾಗಿದ್ದರೂ ಹುಳ ಎಲ್ಲಿಂದ ಬಂತು?

ಗಾಳಿಯಾಡದ ಡಬ್ಬದಲ್ಲಿಟ್ಟ ಅಕ್ಕಿಗೂ ಹುಳ ಬೀಳುತ್ತೆ. ಎಷ್ಟೋ ಸಲ ಅದು ಅಂಗಡಿಯಿಂದ ಅಕ್ಕಿಯ ಜೊತೆಗೇ ಬಂದಿರುತ್ತೆ. ಸೊಂಡಿಲಿನಂಥ ಮೂತಿಯ ಹುಳ ಕಾಳು ಕೊರೆದು, ಒಳಗೇ ಮೊಟ್ಟೆಯಿಟ್ಟು ತೂತು ಮುಚ್ಚಿಬಿಡುತ್ತೆ. ಬೆಚ್ಚಗಿದ್ದರೆ ಸುಮಾರು ಒಂದು ತಿಂಗಳಲ್ಲಿ ಹೊಸ ಹುಳ ಹೊರಗೆ!

ಹಾಗಾಗಿ ನಾನು ಅಕ್ಕಿ, ಬೇಳೆ, ಅಮ್ಮ ಊರಿಂದ ಕಳಿಸೋ ರಾಗಿಹಿಟ್ಟು ಎಲ್ಲವನ್ನೂ ಮೊದಲು ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ 4 ದಿನ ಇಡ್ತೀನಿ. ಹೊರತೆಗೆದ ಮೇಲೆ ತಣುಪು ಪೂರ್ತಿ ಹೋಗೋವರೆಗೂ ಚೀಲ ಬಿಚ್ಚಲ್ಲ. ಬಿಚ್ಚಿದರೆ ಪಸೆಯಾಡಿ ಬೂಷ್ಟು ಹಿಡಿಯುತ್ತೆ. ರವೆಯನ್ನು ಮಾತ್ರ ಅಮ್ಮನ ಹಾಗೆ ಹುರಿದು, ಆರಿಸಿ ತುಂಬಿಡೋದು.

ಇನ್ನು ಡಬ್ಬ ಯಾಕೆ ಅಂತೀರಾ? ಒಂದರಲ್ಲಿ ಹುಳ ಬಿದ್ದರೆ ಪಕ್ಕದ್ದಕ್ಕೆ ಹರಡದಿರಲಿ ಅಂತ. ಮುಚ್ಚಳದ ರಬ್ಬರ್ ಸಡಿಲವಾಗಿದ್ದರೆ ಬದಲಿಸಿ. ಹಳೆಯದರ ಮೇಲೇ ಹೊಸ ಅಕ್ಕಿ ಸುರಿಯಬೇಡಿ. ಡಬ್ಬ ತೊಳೆದು, ಚೆನ್ನಾಗಿ ಒಣಗಿಸಿ ತುಂಬಿ.