ಮೀನಿನ ಹೆಜ್ಜೆಗೆ ಗಣಕದ ಲೆಕ್ಕ

ನೀರಿನಲ್ಲಿ ಮೀನಿನ ಹೆಜ್ಜೆಯನ್ನು ಕಂಡವರಿಲ್ಲವೆಂಬುದು ಬಲ್ಲವರ ಮಾತು. ಕಣದ ಜೋಳವನ್ನು ಅಳೆಯಬಹುದು, ಕೊಟ್ಟಿಗೆಯ ದನಗಳನ್ನು ಎಣಿಸಬಹುದು. ಹೊಳೆಯ ಮೀನನ್ನು ಎಣಿಸುವ ಬಗೆ ಎಂತು? ಬೆಳಗಾವಿ ಜಿಲ್ಲೆಯ ಐನಾಪುರದಲ್ಲಿ ಕೃಷ್ಣೆಯ ದಂಡೆಗೆ ನಿಂತವರಿಗೆ ಕಾಣುವುದು ಹರಿಯುವ ನೀರು ಮಾತ್ರ. ಬಲೆಗೆ ಬಿದ್ದ ಮೀನು ತನ್ನ ಸಂತತಿಯನ್ನು ಹೊಳೆಗೆ ಬಿಟ್ಟು ಬಂದಿದೆಯೆ, ಇಲ್ಲವೆ? ಬರುವ ವರ್ಷದ ಬಲೆ ತುಂಬುವುದೂ ಬರಿದಾಗುವುದೂ ಈ ಒಂದು ಪ್ರಶ್ನೆಯನ್ನು ಅವಲಂಬಿಸಿದೆ. ಇದಕ್ಕೆ ಉತ್ತರ ಹುಡುಕುವ ಮತ್ಸ್ಯವಿಜ್ಞಾನದ ಕೈಗೆ ಇಂದು ಗಣಕಯಂತ್ರವೂ ಬಂದಿದೆ. ಅದನ್ನು ಬಳಸಿ ಸಂಶೋಧನೆ ನಡೆಸುವ ತರುಣರಿಗೆ ಬಹುಮಾನಗಳೂ ಕಾದಿವೆ.

ಈ ಯಂತ್ರದ ಉಪಯೋಗವೇನೆಂಬುದನ್ನು ಮೊದಲು ನೋಡೋಣ. ಶೀತದೇಶಗಳ ಮೀನಿನ ವಯಸ್ಸನ್ನು ತಿಳಿಯುವುದು ಅಷ್ಟು ಕಷ್ಟವಲ್ಲ. ಚಳಿಗಾಲದಲ್ಲಿ ಬೆಳವಣಿಗೆ ಕುಂಠಿತವಾಗುವುದರಿಂದ, ಅದರ ಹುರುಪೆಯಲ್ಲಿಯೂ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿಯೂ ಮರದ ಕಾಂಡದಲ್ಲಿರುವಂತೆ ವರ್ಷದ ಬಳೆಗಳು ಮೂಡುತ್ತವೆ. ನಮ್ಮ ಬೆಚ್ಚನೆಯ ನೀರಿನ ಮೀನುಗಳಲ್ಲಿ ಈ ಗುರುತು ಅಷ್ಟು ಸ್ಪಷ್ಟವಲ್ಲ. 1981ರಲ್ಲಿ, ಮನಿಲಾದ ಅಂತರರಾಷ್ಟ್ರೀಯ ಸಂಸ್ಥೆಯೊಂದರಲ್ಲಿದ್ದ ಡೇನಿಯಲ್ ಪಾಲಿ ತಮ್ಮ ಸಹೋದ್ಯೋಗಿಯೊಡನೆ ‘ಎಲಿಫಾನ್’ ಎಂಬ ಗಣಕಕ್ರಮವನ್ನು ಪ್ರಕಟಿಸಿದರು. ಅದರ ಮರ್ಮ ಸರಳ. ಒಂದೇ ತರಗತಿಯ ಮಕ್ಕಳು ಹೆಚ್ಚುಕಡಿಮೆ ಒಂದೇ ಎತ್ತರವಿರುವಂತೆ, ಒಂದೇ ಹಂಗಾಮಿನಲ್ಲಿ ಹುಟ್ಟಿದ ಮೀನುಗಳೂ ಹೆಚ್ಚುಕಡಿಮೆ ಒಂದೇ ಉದ್ದವಿರುತ್ತವೆ. ತಿಂಗಳು ತಿಂಗಳೂ ನೂರಾರು ಮೀನುಗಳ ಉದ್ದವನ್ನು ಅಳೆದು ಕೊಟ್ಟರೆ, ಆ ಗುಂಪು ಎಷ್ಟು ಬೆಳೆಯಿತೆಂಬುದನ್ನು ಗಣಕವು ಗುರುತಿಸುತ್ತದೆ. ಮರಿಗಳು ದೊಡ್ಡವಾಗುವ ಮೊದಲೇ ಬಲೆಗೆ ಬೀಳುತ್ತಿವೆಯೆ ಎಂಬುದನ್ನು ಅದರಿಂದ ಊಹಿಸಬಹುದು.

ಈ ವಿದ್ಯೆಗೆ ಕನ್ನಡನಾಡು ಹೊಸದಲ್ಲ. ದೇಶದ ಮೊದಲನೆಯ ಮೀನುಗಾರಿಕೆ ಕಾಲೇಜು 1969ರಲ್ಲಿ ತಲೆಯೆತ್ತಿದ್ದು ಮಂಗಳೂರಿನಲ್ಲಿಯೇ. ಅದೀಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕರ್ನಾಟಕದ ಕಡಲಿನಲ್ಲಿ ಯಾವ ಜೀವಿ ಯಾವುದನ್ನು ತಿಂದು ಬದುಕುತ್ತದೆಂಬ ಜಟಿಲ ಲೆಕ್ಕವನ್ನೂ ಗಣಕದಿಂದ ಬಿಡಿಸಿ, ಆ ಅಧ್ಯಯನವನ್ನು 2008ರಲ್ಲಿ ಹೊರತಂದರು.

ಇನ್ನು ಬಹುಮಾನಗಳ ಮಾತು. 1870ರಲ್ಲಿ ಹುಟ್ಟಿದ ಅಮೆರಿಕದ ಮೀನುಗಾರಿಕಾ ಸಂಘವು ಗಣಕದ ಬಳಕೆಗೆಂದೇ ಒಂದು ವಿಭಾಗವನ್ನು ಕಟ್ಟಿಕೊಂಡು, ಅದರ ಮೂಲಕ ವಿದ್ಯಾರ್ಥಿಗಳ ಸಂಶೋಧನೆಯನ್ನು ಪುರಸ್ಕರಿಸಿತು. ನಮ್ಮಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಶ್ರೇಷ್ಠ ಡಾಕ್ಟರೇಟ್ ಪ್ರಬಂಧಗಳಿಗಾಗಿ ನೀಡುತ್ತ ಬಂದ ಜವಾಹರಲಾಲ್ ನೆಹರು ಪ್ರಶಸ್ತಿಯ ವ್ಯಾಪ್ತಿಯಲ್ಲಿ ಮತ್ಸ್ಯವಿಜ್ಞಾನವೂ ಇತ್ತು. ಇಂಥ ಪ್ರೋತ್ಸಾಹ ಸ್ತುತ್ಯವೇ ಸರಿ. ಆದರೆ ಬಹುಮಾನ ಸಲ್ಲಬೇಕಾದುದು ಯಾವುದಕ್ಕೆ?

ಗಣಕವು ಕೊಟ್ಟುದನ್ನು ಲೆಕ್ಕ ಹಾಕುತ್ತದೆಯೇ ಹೊರತು, ಕೊಟ್ಟುದು ಸತ್ಯವೇ ಎಂದು ಕೇಳುವುದಿಲ್ಲ. ಬಲೆಯ ಕಣ್ಣು ದೊಡ್ಡದಾಗಿದ್ದು ಮರಿಗಳು ನುಸುಳಿಹೋದರೆ, ಹೊಳೆಯಲ್ಲಿ ಮರಿಗಳೇ ಇಲ್ಲವೆಂದು ಅದು ತಿಳಿದೀತು. ದೊಡ್ಡ ಮೀನು ಸಂತೆಗೂ ಸಣ್ಣದು ಮನೆಯ ಒಲೆಗೂ ಹೋದಲ್ಲಿ, ಸಂತೆಯಲ್ಲಷ್ಟೇ ಅಳೆದವನ ಲೆಕ್ಕವೂ ಹಾಗೆಯೇ ತಪ್ಪುತ್ತದೆ. ಕಡಲಿಗಾದರೆ ದೋಣಿಗಳೆಲ್ಲ ಬಂದು ಸೇರುವ ಬಂದರುಗಳಿವೆ. ಹೊಳೆಯ ಮೀನೋ ಹತ್ತಾರು ದಂಡೆಗಳಲ್ಲಿ ಹಂಚಿಹೋಗುತ್ತದೆ. ದಖ್ಖನಿನ ಮಹಸೀರ್ ಮೀನನ್ನು ಕರ್ನಲ್ ಸೈಕ್ಸ್ ಎಂಬ ಆಂಗ್ಲ ಅಧಿಕಾರಿ ವಿಜ್ಞಾನಲೋಕಕ್ಕೆ ಪರಿಚಯಿಸಿದ್ದು 1839ರಷ್ಟು ಹಿಂದೆ. ಆದರೆ ಹೆಸರು ತಿಳಿದ ಮಾತ್ರಕ್ಕೆ ಎಣಿಕೆ ತಿಳಿದಂತಾಗದು.

ತಪ್ಪು ಲೆಕ್ಕದ ಫಲವನ್ನು ಉಣ್ಣುವವನು ಅಂಬಿಗ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ನಿಷೇಧವಿದೆ. ಮೀನಿಗೆ ಸಂತಾನದ ಬಿಡುವನ್ನು ಕೊಡುವ ಇಂಥ ಕಟ್ಟಳೆ ದುಡಿಯುವವನ ಎರಡು ತಿಂಗಳ ಸಂಪಾದನೆಯನ್ನೂ ಕಸಿಯುತ್ತದೆ. ಆದುದರಿಂದ ಅದರ ಹಿಂದಿನ ಲೆಕ್ಕ ನಂಬುವಂಥದಾಗಿರಬೇಕು.

ನುಣುಪಾದ ನಕ್ಷೆಗಳನ್ನು ಬರೆದವನಿಗೆ ಪದಕ ದೊರೆಯುವುದು ಸುಲಭ. ನಸುಕಿನಲ್ಲಿ ಅಳತೆಗೋಲು ಹಿಡಿದು ದಂಡೆಗಿಳಿದು, ಯಾವ ಮೀನು ಯಾವ ಬಲೆಗೆ ಸಿಕ್ಕಿತೆಂದು ಅಂಬಿಗನನ್ನೇ ಕೇಳಿ, ವರ್ಷವಿಡೀ ತಪ್ಪದೆ ಬರೆದಿಟ್ಟ ವಿದ್ಯಾರ್ಥಿಯ ಹೊತ್ತಗೆಯನ್ನೂ ತೀರ್ಪುಗಾರರು ಬಿಚ್ಚಿ ನೋಡಬೇಕು. ಗಣಕದ ಜಾಣ್ಮೆಗೆ ಬೆಲೆ ಬರುವುದು ಆ ಹೊತ್ತಗೆಯಿಂದಲೇ.