ಟೈಮಿಂಗ್ ಬೆಲ್ಟ್ ಬದಲಿಸಿದ್ದು ಯಾವಾಗ, ನೆನಪಿದೆಯಾ?

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ನಿಮಗೆ ತಕ್ಷಣ ಗೊತ್ತಾಗುತ್ತದೆ. ಸೀಟಿ ಬರುವ ಬದಲು ಬದಿಯಿಂದ ಬುಸ್ಸೆಂದು ಹಬೆ ಬರುತ್ತದೆ. ಗ್ರೈಂಡರಿನ ಬೆಲ್ಟ್ ಸವೆದರೆ ದೋಸೆ ಹಿಟ್ಟಿನ ನಡುವೆಯೇ ಕಲ್ಲು ತಿರುಗುವುದನ್ನು ನಿಲ್ಲಿಸುತ್ತದೆ. ಆದರೆ ಪೋರ್ಟಿಕೋದಲ್ಲಿ ನಿಂತಿದೆಯಲ್ಲ ಕಾರು, ಅದರ ಎಂಜಿನ್ನಿನೊಳಗೂ ಒಂದು ಬೆಲ್ಟಿದೆ. ಅದು ಹೀಗೆ ಹೇಳಿ ಕೇಳಿ ಕೆಡುವುದಿಲ್ಲ. ಇವತ್ತು ಸರಿಯಾಗಿಯೇ ಓಡುತ್ತದೆ, ನಾಳೆ ಫಟ್ಟೆಂದು ತುಂಡಾಗುತ್ತದೆ!

'ಕಾರಿನ ವಿಷಯ ಯಜಮಾನರಿಗೆ ಬಿಟ್ಟದ್ದು' ಅಂತೀರಾ? ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳಲ್ಲಿ ಯಜಮಾನರು ಇರುವುದು ದುಬೈಯಲ್ಲೋ ಮಸ್ಕತ್‌ನಲ್ಲೋ, ಇಲ್ಲವೇ ಬೆಂಗಳೂರು, ಮುಂಬೈಗಳಲ್ಲಿ. ಮಕ್ಕಳನ್ನು ಶಾಲೆಗೆ ಬಿಡುವುದು, ಅತ್ತೆಯನ್ನು ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯುವುದು, ಇಡಗುಂಜಿಗೋ ಮುರ್ಡೇಶ್ವರಕ್ಕೋ ನೆಂಟರನ್ನು ಸುತ್ತಿಸುವುದು ಎಲ್ಲಾ ನೀವೇ ತಾನೇ? ಹಾಗಾದರೆ ಈ ಬೆಲ್ಟಿನ ಲೆಕ್ಕವೂ ನಿಮ್ಮ ಬಳಿಯೇ ಇರಲಿ.

ಏನಿದು ಬೆಲ್ಟ್?

ಎಂಜಿನ್ನಿನ ಕೆಳಗೆ ಕ್ರ್ಯಾಂಕ್ ಶಾಫ್ಟ್, ಮೇಲೆ ಕ್ಯಾಮ್ ಶಾಫ್ಟ್. ಕೆಳಗಿನದು ಪಿಸ್ಟನ್‌ಗಳೊಂದಿಗೆ ತಿರುಗುತ್ತದೆ, ಮೇಲಿನದು ಗಾಳಿ ಬರಲು, ಹೊಗೆ ಹೋಗಲು ವಾಲ್ವ್‌ಗಳನ್ನು ತೆರೆಯುತ್ತದೆ. ಎರಡನ್ನೂ ತಾಳಕ್ಕೆ ಸರಿಯಾಗಿ ಕಟ್ಟಿಹಾಕುವುದೇ ಹಲ್ಲುಗಳಿರುವ ಈ ರಬ್ಬರ್ ಪಟ್ಟಿ, ಟೈಮಿಂಗ್ ಬೆಲ್ಟ್. ಕ್ರ್ಯಾಂಕ್ ಎರಡು ಸುತ್ತು ಬಂದಾಗ ಕ್ಯಾಮ್ ಒಂದು ಸುತ್ತು ಬರಬೇಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ ಎಂದರೆ ತಾಳ ಎಷ್ಟು ಬಿಗಿಯಾಗಿರಬೇಕು, ಯೋಚಿಸಿ.

ಬೆಲ್ಟ್ ತುಂಡಾದರೆ ಕ್ಯಾಮ್ ಅಲ್ಲೇ ನಿಲ್ಲುತ್ತದೆ, ಪಿಸ್ಟನ್‌ಗಳು ಮಾತ್ರ ಇನ್ನೂ ಮೇಲೆ ಕೆಳಗೆ ಓಡುತ್ತಿರುತ್ತವೆ. ಅನೇಕ ಎಂಜಿನ್‌ಗಳಲ್ಲಿ, ಅದರಲ್ಲೂ ಡೀಸೆಲ್ ಎಂಜಿನ್‌ಗಳಲ್ಲಿ, ತೆರೆದೇ ಉಳಿದ ವಾಲ್ವಿಗೆ ಪಿಸ್ಟನ್ ಬಡಿಯುತ್ತದೆ. ವಾಲ್ವ್ ಬಾಗುತ್ತದೆ, ಕೆಲವೊಮ್ಮೆ ಪಿಸ್ಟನ್ನೂ ಒಡೆಯುತ್ತದೆ. ಕೆಲವು ಸಾವಿರದಲ್ಲಿ ಮುಗಿಯುತ್ತಿದ್ದ ಕೆಲಸ ಆಗ ಹತ್ತಾರು ಸಾವಿರಕ್ಕೆ ಏರುತ್ತದೆ.

ಬೆಲ್ಟೋ, ಚೈನೋ?

ಎಲ್ಲಾ ಕಾರಿನಲ್ಲೂ ಬೆಲ್ಟ್ ಇರುವುದಿಲ್ಲ. ಕೆಲವದರಲ್ಲಿ ಅದರ ಜಾಗದಲ್ಲಿ ಲೋಹದ ಚೈನ್ ಇರುತ್ತದೆ. ಅದನ್ನು ಬೆಲ್ಟಿನಂತೆ ಇಷ್ಟು ವರ್ಷಕ್ಕೊಮ್ಮೆ ಬದಲಿಸಬೇಕಿಲ್ಲ, ಸಮಯಕ್ಕೆ ಸರಿಯಾಗಿ ಆಯಿಲ್ ಬದಲಿಸಿದರೆ ಸಾಕು. ಹೆಸರು ಒಂದೇ ಆದರೂ ಎಂಜಿನ್ ಬೇರೆ ಇರಬಹುದು, ಹುಷಾರು! 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಮತ್ತು ನಂತರದ ಆಲ್ಟೊ 800ರಲ್ಲಿ ಬೆಲ್ಟ್, ಆಲ್ಟೊ ಕೆ10ರಲ್ಲಿ ಚೈನ್. ಮೊದಲ ಸ್ವಿಫ್ಟಿನ 1.3 ಪೆಟ್ರೋಲಿಗೆ ಬೆಲ್ಟ್, ನಂತರ ಬಂದ 1.2 ಕೆ ಸೀರೀಸ್‌ಗೆ ಚೈನ್. ಹಳೆಯ ಸ್ಯಾಂಟ್ರೊ, ಇಂಡಿಕಾ ಡೀಸೆಲ್, ಡಸ್ಟರ್ ಡೀಸೆಲ್, ಹಳೆಯ ಇನ್ನೋವಾ 2.5 ಡೀಸೆಲ್ ಇವೆಲ್ಲಾ ಬೆಲ್ಟಿನವು. ಇನ್ನೋವಾ ಕ್ರಿಸ್ಟಾ ಡೀಸೆಲ್ ಚೈನಿನದು. ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರಿನಲ್ಲೇ ಮಲಗಿರುವ ಕೈಪಿಡಿಯನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಬರೆದದ್ದೇ ಅಂತಿಮ.

ವಯಸ್ಸನ್ನೂ ಎಣಿಸಿ

'ನಮ್ಮ ಕಾರು ಬರೀ 30 ಸಾವಿರ ಕಿಲೋಮೀಟರ್ ಓಡಿದೆ, ಈಗಲೇ ಬೆಲ್ಟ್ ಯಾಕೆ?' ಎಂಬ ಮಾತು ಸಾಮಾನ್ಯ. ಯಜಮಾನರು ರಜೆಗೆ ಬಂದಾಗ ಮಾತ್ರ ಹೊರಗೆ ಹೋಗುವ ಕಾರುಗಳ ಕಥೆಯೇ ಇದು. ಆದರೆ ರಬ್ಬರಿಗೆ ವಯಸ್ಸಾಗಲು ಓಡಲೇಬೇಕಿಲ್ಲ. ಡಬ್ಬಿಯಲ್ಲಿಟ್ಟ ಗ್ಯಾಸ್ಕೆಟ್ ಕೂಡ ಗಟ್ಟಿಯಾಗುವುದಿಲ್ಲವೇ, ಹಾಗೇ. ಅದಕ್ಕೇ ಕಂಪನಿಗಳು ಎರಡು ಲೆಕ್ಕ ಕೊಡುತ್ತವೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು. ಕಿಲೋಮೀಟರ್ ಲೆಕ್ಕ ಸಾಮಾನ್ಯವಾಗಿ 60 ಸಾವಿರದಿಂದ 1 ಲಕ್ಷದ ಆಸುಪಾಸಿನಲ್ಲಿರುತ್ತದೆ, ಕಾರಿನಿಂದ ಕಾರಿಗೆ ಬೇರೆ.

ಸೆಕೆಂಡ್ ಹ್ಯಾಂಡ್ ಕಾರು ಕೊಂಡಿದ್ದೀರಾ? ಬೆಲ್ಟ್ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ.

ನಮ್ಮ ಊರಿನ ಹವೆಗೂ ಇದರಲ್ಲಿ ಪಾಲಿದೆ. ಮಳೆಗಾಲ ಪೂರ್ತಿ ನಿಂತೇ ಇದ್ದ ಕಾರಿನ ಬಾನೆಟ್ಟಿನೊಳಗೆ ಇಲಿಗಳು ಸಂಸಾರ ಹೂಡಿ ವೈರು, ರಬ್ಬರು ಏನೂ ಬಿಡುವುದಿಲ್ಲ. ಉಪ್ಪು ಗಾಳಿಗೆ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಶರಾವತಿ, ಅಘನಾಶಿನಿ ಉಕ್ಕಿದಾಗ ಎಂಜಿನ್ ಮಟ್ಟಕ್ಕೆ ನೀರು ಹತ್ತಿದ್ದರೆ ಬೆಲ್ಟಿನ ಕವರಿನೊಳಗೆ ಕೆಸರು ಸೇರಿರಬಹುದು, ಬಿಚ್ಚಿಸಿ ನೋಡಲೇಬೇಕು.

ಒಂದು ತಪ್ಪು ತಿಳಿವಳಿಕೆಯನ್ನೂ ಬಿಡೋಣ. ಮಳೆಯ ದಿನ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ 'ಕೀಂಯ್' ಎಂದು ಕಿರುಚುವುದು ಸಾಮಾನ್ಯವಾಗಿ ಹೊರಗಿನ ಆಲ್ಟರ್ನೇಟರ್ ಬೆಲ್ಟ್. ಟೈಮಿಂಗ್ ಬೆಲ್ಟಿಗೆ ಹಲ್ಲುಗಳಿರುವುದರಿಂದ ಅದು ಹಾಗೆ ಜಾರಿ ಕಿರುಚುವುದಿಲ್ಲ. ಸದ್ದಿಲ್ಲ ಅಂದಮಾತ್ರಕ್ಕೆ ಅದು ಚೆನ್ನಾಗಿದೆ ಎಂದೂ ಅಲ್ಲ!

ಮನೆಯಂಗಳದಲ್ಲೇ ಬದಲಿಸಬಹುದೇ?

ಬದಲಿಸಬಹುದು. ಮಾರುತಿ 800ರಂಥ ಸಣ್ಣ ಕಾರಿಗೆ ಅನುಭವಿ ಮೆಕ್ಯಾನಿಕ್ ಮನೆಗೇ ಬಂದು ಮಾಡಿಕೊಡುತ್ತಾರೆ. ಆದರೆ ಇದು ಬಲ್ಬ್ ಬದಲಿಸಿದಂತೆ ಅಲ್ಲ. ಸ್ಪ್ಯಾನರ್ ಹಿಡಿದು ಅಭ್ಯಾಸವಿಲ್ಲದಿದ್ದರೆ ಯೂಟ್ಯೂಬ್ ನೋಡಿ ಒಬ್ಬರೇ ಕೈಹಾಕಬೇಡಿ. ಒಂದು ಹಲ್ಲು ತಪ್ಪಿ ಕೂತರೂ ಕಾರು ಎಳೆಯುವುದಿಲ್ಲ, ಹೆಚ್ಚು ತಪ್ಪಿದರೆ ಎಂಜಿನ್ನೇ ಹೋದೀತು. ಡೀಸೆಲ್ ಕಾರಾದರೆ ಗ್ಯಾರೇಜೇ ವಾಸಿ, ಏಕೆಂದರೆ ಅನೇಕ ಕಾರುಗಳಲ್ಲಿ ಇದೇ ಬೆಲ್ಟ್ ಡೀಸೆಲ್ ಪಂಪನ್ನೂ ತಿರುಗಿಸುತ್ತದೆ. ಅದರ ಗುರುತೂ ಸರಿಹೊಂದಬೇಕು.

ಕೆಲಸ ಯಾರೇ ಮಾಡಲಿ, ನೀವು ಪಕ್ಕದಲ್ಲೇ ನಿಂತು ನೋಡಿ. ಹಂತಗಳು ಹೀಗಿರಬೇಕು:

* ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಸಮತಟ್ಟು ನೆಲ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಕ್ಕೆ ಕಲ್ಲು. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಬೇಕು.

* ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಕೈಯಾಗಲಿ ತಲೆಯಾಗಲಿ ಹಾಕಬಾರದು. ಗಟ್ಟಿ ಸ್ಟ್ಯಾಂಡ್ ಇರಲೇಬೇಕು. ಮಕ್ಕಳು ಮನೆಯೊಳಗಿರಲಿ.

* ಹೊರಗಿನ ಬೆಲ್ಟ್, ಪುಲ್ಲಿ, ಪ್ಲಾಸ್ಟಿಕ್ ಕವರ್ ತೆಗೆದ ಮೇಲೆ ಕ್ರ್ಯಾಂಕ್, ಕ್ಯಾಮ್ ಎರಡರ ಗುರುತುಗಳನ್ನೂ ಸರಿಹೊಂದಿಸಬೇಕು. ಹಳೆ ಬೆಲ್ಟ್ ತೆಗೆಯುವ ಮೊದಲು ನಿಮ್ಮ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಗೊಂದಲವಾದಾಗ ಅದೇ ಸಾಕ್ಷಿ.

* ಬೆಲ್ಟ್ ತೆಗೆದ ಮೇಲೆ ಕ್ರ್ಯಾಂಕನ್ನಾಗಲಿ ಕ್ಯಾಮನ್ನಾಗಲಿ ಯಾರೂ ತಿರುಗಿಸಬಾರದು.

* ಟೆನ್ಷನರ್ ಬೇರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಲಿ. ಗರಗರ ಎಂದರೆ ಬದಲಿಸಿ. ಆಯಿಲ್ ಸೀಲ್ ಸೋರುತ್ತಿದ್ದರೆ ಅದೂ ಹೊಸದಾಗಬೇಕು, ಏಕೆಂದರೆ ಎಣ್ಣೆ ತಾಗಿದ ಬೆಲ್ಟ್ ಬೇಗ ಹಾಳಾಗುತ್ತದೆ. ಕೆಲವು ಕಾರುಗಳಲ್ಲಿ ವಾಟರ್ ಪಂಪ್ ಇದೇ ಬೆಲ್ಟಿನಿಂದ ತಿರುಗುತ್ತದೆ. ಹಾಗಿದ್ದರೆ ಒಟ್ಟಿಗೇ ಬದಲಿಸುವುದು ಜಾಣತನ. ಎರಡನೇ ಸಲ ಬಿಚ್ಚುವ ಕೂಲಿ ಉಳಿಯುತ್ತದೆ.

* ಹೊಸ ಬೆಲ್ಟನ್ನು ಮಡಚಬಾರದು, ಸ್ಕ್ರೂಡ್ರೈವರಿನಿಂದ ಮೀಟಿ ಕೂರಿಸಬಾರದು. ಬಾಣದ ಗುರುತಿದ್ದರೆ ಎಂಜಿನ್ ತಿರುಗುವ ದಿಕ್ಕಿಗೇ ಇರಲಿ.

* ಬಿಗಿ ಸರಿಮಾಡಿದ ಮೇಲೆ ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಆಗ ಕ್ಯಾಮ್ ಒಂದು ಸುತ್ತು ಮುಗಿಸಿ ಗುರುತುಗಳು ಮತ್ತೆ ಕೂಡಬೇಕು. ಕೂಡದಿದ್ದರೆ ಬೆಲ್ಟನ್ನು ಮತ್ತೆ ಕೂರಿಸಬೇಕು. ನಡುವೆ ಎಲ್ಲಾದರೂ ತಡೆದರೆ ಬಲ ಹಾಕದೆ ಅಲ್ಲೇ ನಿಲ್ಲಿಸಬೇಕು. 'ಅದೆಲ್ಲಾ ಬೇಡ ಅಮ್ಮಾ, ನೇರ ಸ್ಟಾರ್ಟ್ ಮಾಡೋಣ' ಎಂದರೆ ಒಪ್ಪಬೇಡಿ!

ಮೆಕ್ಯಾನಿಕ್ ಎಲ್ಲವನ್ನೂ ಫೋನಿನಲ್ಲಿ ಯಜಮಾನರಿಗೇ ವಿವರಿಸಲು ಹೊರಟರೆ ಸಂಕೋಚವಿಲ್ಲದೆ ಹೇಳಿ: 'ಗಾಡಿ ಓಡಿಸುವುದು ನಾನು, ನನಗೇ ಹೇಳಿ.' ಬಿಚ್ಚಿದ ಹಳೆಯ ಬೆಲ್ಟನ್ನೂ ಕೇಳಿ ಪಡೆಯಿರಿ. ಹಿಂದಕ್ಕೆ ಬಗ್ಗಿಸಿ ನೋಡಿದರೆ ಬಿರುಕು, ಕಿತ್ತ ಹಲ್ಲು, ಎದ್ದ ದಾರ ಕಣ್ಣಿಗೇ ಕಾಣಬಹುದು.

ದಾರಿಯಲ್ಲೇ ತುಂಡಾದರೆ?

ಕುಮಟಾದಿಂದ ಶಿರಸಿಗೆ ಹೋಗುವ ದೇವಿಮನೆ ಘಟ್ಟವಿರಲಿ, ಹೊನ್ನಾವರದಿಂದ ಜೋಗದ ಕಡೆಗೆ ಗೇರುಸೊಪ್ಪೆ ಘಟ್ಟವಿರಲಿ, ಹೆದ್ದಾರಿ 66 ಇರಲಿ, ಎಂಜಿನ್ ಒಮ್ಮೆಲೇ ನಿಲ್ಲುತ್ತದೆ. ಗಾಬರಿ ಬೇಡ. ಸ್ಟೀರಿಂಗ್ ಭಾರವಾಗಬಹುದು, ಬ್ರೇಕನ್ನು ಹೆಚ್ಚು ಬಲವಾಗಿ ಒತ್ತಬೇಕಾಗುತ್ತದೆ. ಆದರೆ ಎರಡೂ ಕೆಲಸ ಮಾಡುತ್ತವೆ. ಕಾರು ಚಲಿಸುತ್ತಿರುವಾಗ ಕೀಲಿ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆದೀತು. ನಾಲ್ಕೂ ಇಂಡಿಕೇಟರ್ ಹಾಕಿ ಎಡಕ್ಕೆ ತನ್ನಿ. ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಮಾತ್ರ ನಿಲ್ಲಬೇಡಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಇದೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ನಮಗೆಲ್ಲಾ ನೆನಪಿದೆಯಲ್ಲ. ಕಾರು ಅಲ್ಲೇ ನಿಂತುಬಿಟ್ಟರೆ ಮಕ್ಕಳನ್ನು ಇಳಿಸಿಕೊಂಡು ದೂರ ಹೋಗಿ.

ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ, ತಳ್ಳಿ ಸ್ಟಾರ್ಟ್ ಮಾಡಲು ಯಾರನ್ನೂ ಕರೆಯಬೇಡಿ. ಸೆಲ್ಫಿನ ಸದ್ದು ಎಂದಿಗಿಂತ ಹಗುರವಾಗಿ, ವೇಗವಾಗಿ ಕೇಳಿದರೆ ಬೆಲ್ಟ್ ಹೋಗಿರುವ ಸಾಧ್ಯತೆ ಇದೆ. ಒಂದೊಂದು ಪ್ರಯತ್ನವೂ ಒಳಗಿನ ಪೆಟ್ಟನ್ನು ಹೆಚ್ಚಿಸಬಹುದು. ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033, ಅಪಾಯವೆನಿಸಿದರೆ 112ಕ್ಕೆ ಕರೆ ಮಾಡಿ. ಕಾರನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.

ನೆನಪಿಡಿ

* ಬೆಲ್ಟ್ ಬದಲಿಸಿದ ದಿನಾಂಕ, ಕಿಲೋಮೀಟರ್ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೂ ಇರಲಿ.

* ಬೆಲ್ಟ್, ಟೆನ್ಷನರ್ ಅಸಲಿ ಕಂಪನಿಯದೇ ಆಗಿರಲಿ, ಬಿಲ್ ಸಹಿತ ಕೊಳ್ಳಿ.

* ಹಳೆಯ ಇನ್ನೋವಾ ಡೀಸೆಲ್‌ನಲ್ಲಿ 'ಟಿ-ಬೆಲ್ಟ್' ದೀಪ ಹೊತ್ತಿದರೆ ಬೆಲ್ಟ್ ಬದಲಿಸುವ ಕಾಲ ಬಂತು ಎಂದರ್ಥ. ಸುಮ್ಮನೆ ಆರಿಸಿಕೊಂಡು ಬರಬೇಡಿ.

* ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲೇ ಈ ಕೆಲಸ ಮುಗಿಸಿ. ಹಪ್ಪಳ ಸಂಡಿಗೆ ಒಣಗಿಸುವ ಅಂಗಳದಲ್ಲಿ ಒಂದು ಮೂಲೆ ಕಾರಿಗೂ ಇರಲಿ!