ಗಾಳಿ ಬಂದಾಗ ತೂರಿದ ಡೇಟಾ

ಹದಿನೈದು ವರ್ಷಗಳ ಹಿಂದೆ ಲ್ಯಾಪ್‌ಟಾಪ್ ಕೊಂಡವರು ಅಂಗಡಿಯಲ್ಲಿ ಇನ್ನೊಂದು ಮಾತು ಕೇಳದೆ ಹೊರಡುತ್ತಿರಲಿಲ್ಲ: ‘ಡಾಂಗಲ್ ತಗೊಂಡ್ರೆ ದುಡ್ಡಿಗೆ ಮೋಸ ಇಲ್ಲ ತಾನೇ?’ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಮೊಬೈಲ್ ಜಾಲದಿಂದ ಇಂಟರ್ನೆಟ್ ಕೊಡುವ ಟಾಟಾ ಫೋಟಾನ್ ಪ್ಲಸ್, ರಿಲಯನ್ಸ್ ನೆಟ್‌ಕನೆಕ್ಟ್‌ಗಳ ಕಾಲ ಅದು. ಇವಿ-ಡಿಓ ಎಂಬ ಆ ತಂತ್ರಜ್ಞಾನದ ಗರಿಷ್ಠ ವೇಗ ಸೆಕೆಂಡಿಗೆ 3.1 ಮೆಗಾಬಿಟ್. ಅದರಲ್ಲಿ ನಮ್ಮ ಮೇಜಿಗೆ ಎಷ್ಟು ಬರುತ್ತದೆ ಎಂಬುದಕ್ಕೆ ಉತ್ತರ ಆ ತಂತ್ರಜ್ಞಾನ ಹುಟ್ಟಿದ ಕತೆಯಲ್ಲೇ ಇದೆ.

ಟವರ್‌ನಿಂದ ಹೊರಟ ಅಲೆ ಗೋಡೆ, ಕಟ್ಟಡಗಳಿಗೆ ಬಡಿದು ಹಲವು ದಾರಿಯಲ್ಲಿ ನಮ್ಮನ್ನು ತಲುಪುತ್ತದೆ. ಆ ಅಲೆಗಳು ಒಮ್ಮೆ ಕೂಡಿಕೊಳ್ಳುತ್ತವೆ, ಒಮ್ಮೆ ಒಂದನ್ನೊಂದು ಅಳಿಸಿಹಾಕುತ್ತವೆ. ಹೀಗಾಗಿ ಸಿಗ್ನಲ್ ಸದಾ ಏರಿಳಿಯುತ್ತಿರುತ್ತದೆ. ಮಾತಿಗೆಂದು ಕಟ್ಟಿದ, ಸಿಡಿಎಂಎ ಎಂಬ ಬಗೆಯ ಮೊಬೈಲ್ ಜಾಲಕ್ಕೆ ಇದು ದೊಡ್ಡ ಪೀಡೆ. ಮಾತು ನಡುವೆ ಕಡಿಯಬಾರದೆಂದು, ಫೋನಿನ ಶಕ್ತಿಯನ್ನು ಹೆಚ್ಚಿಸು, ತಗ್ಗಿಸು ಎಂದು ಟವರ್ ಸೆಕೆಂಡಿಗೆ 800 ಸಲ ಅಪ್ಪಣೆ ಕೊಡುತ್ತಿತ್ತು.

1995ರಲ್ಲಿ ಫ್ರಾನ್ಸ್‌ನಲ್ಲಿದ್ದ ಸಂಶೋಧಕರಾದ ರೇಮಂಡ್ ನಾಪ್ ಮತ್ತು ಪಿಯರ್ ಅಂಬ್ಲೆ ಲೆಕ್ಕವನ್ನೇ ತಿರುಗಿಸಿದರು. ಒಂದೇ ಟವರ್‌ನ ಹತ್ತಾರು ಬಳಕೆದಾರರ ಸಿಗ್ನಲ್ ಒಟ್ಟಿಗೇ ಕುಸಿಯುವುದಿಲ್ಲ. ಯಾವ ಕ್ಷಣ ನೋಡಿದರೂ ಯಾರಾದರೊಬ್ಬರದು ಚೆನ್ನಾಗಿರುತ್ತದೆ. ಆ ಕ್ಷಣ ಚಾನೆಲ್ಲನ್ನು ಅವರಿಗೇ ಬಿಟ್ಟುಕೊಟ್ಟರೆ ಒಟ್ಟು ಸಾಗುವ ಮಾಹಿತಿ ಗರಿಷ್ಠವಾಗುತ್ತದೆ ಎಂದು ತೋರಿಸಿದರು. ಗಾಳಿ ಬಂದಾಗ ತೂರಿಕೋ ಎನ್ನುವುದೂ ಇದನ್ನೇ. ಮಾತಿನಂತಲ್ಲದೆ ಇಮೇಲ್ ಅರೆಕ್ಷಣ ಕಾಯಬಲ್ಲದು. ಆದ್ದರಿಂದ ಈ ಉಪಾಯ ಡೇಟಾಕ್ಕೆ ಹೇಳಿ ಮಾಡಿಸಿದಂತಿತ್ತು.

ಸ್ಯಾನ್ ಡಿಯಾಗೊದ ಮೊಬೈಲ್ ತಂತ್ರಜ್ಞಾನ ಕಂಪನಿ ಕ್ವಾಲ್ಕಾಮ್‌ನಲ್ಲಿ ರಾಬರ್ಟೊ ಪಡೊವಾನಿ ಮತ್ತು ಸಂಗಡಿಗರು ಡೇಟಾವನ್ನು ಮಾತಿನಿಂದ ಬೇರ್ಪಡಿಸಿ, 1.25 ಮೆಗಾಹರ್ಟ್ಸ್ ಅಗಲದ ಚಾನೆಲ್ಲೊಂದನ್ನು ಅದಕ್ಕೇ ಮೀಸಲಿಟ್ಟರು. ಸೆಕೆಂಡನ್ನು 600 ತುಂಡು ಮಾಡಿದರು. ತನಗೀಗ ಎಷ್ಟು ವೇಗ ದಕ್ಕೀತು ಎಂದು ಪ್ರತಿ ಸಾಧನವೂ ವರದಿ ಒಪ್ಪಿಸುತ್ತಿತ್ತು. ಟವರ್ ಒಂದು ಸಲಕ್ಕೆ ಒಬ್ಬರಿಗೆ ಮಾತ್ರ ಪೂರ್ಣ ಶಕ್ತಿಯಲ್ಲಿ ಕಳಿಸುತ್ತಿತ್ತು. 2000ದಲ್ಲಿ ಪ್ರಕಟವಾದ ಈ ವಿನ್ಯಾಸವೇ ಇವಿ-ಡಿಓಗೆ ಬುನಾದಿ. ಮೊದಲಿಗೆ ಅದರ ಗರಿಷ್ಠ ವೇಗ ಸೆಕೆಂಡಿಗೆ 2.4 ಮೆಗಾಬಿಟ್; 3.1 ಆಮೇಲಿನ ಆವೃತ್ತಿಯದು.

ತೊಡಕೊಂದಿತ್ತು. ಟವರ್ ಪಕ್ಕದವರೇ ಸದಾ ಗೆದ್ದರೆ ದೂರದವರ ಗತಿ? ಸಂಶೋಧಕ ಡೇವಿಡ್ ತ್ಸೆ ಹೆಸರಿಗೆ ಅಂಟಿಕೊಂಡಿರುವ ಸೂತ್ರ ಇದನ್ನು ಬಿಡಿಸಿತು: ಈಗ ಸಿಗಬಹುದಾದ ವೇಗವನ್ನು ಈವರೆಗಿನ ಸರಾಸರಿಯಿಂದ ಭಾಗಿಸಿ, ಹೆಚ್ಚು ಬಂದವರಿಗೆ ಸರದಿ ಕೊಡಿ. ಹತ್ತಿರದವನ ಸರಾಸರಿ 1,000 ಕಿಲೋಬಿಟ್, ಈಗಲೂ ಅಷ್ಟೇ ಎಂದಿಟ್ಟುಕೊಳ್ಳಿ; ಭಾಗಲಬ್ಧ 1. ದೂರದವಳ ಸರಾಸರಿ 100, ಈಗ 150, ಭಾಗಲಬ್ಧ 1.5. ಸರದಿ ಅವಳದು.

2002ರಲ್ಲಿ ದಕ್ಷಿಣ ಕೊರಿಯಾದಲ್ಲಿ ವಾಣಿಜ್ಯ ಸೇವೆ ಶುರುವಾಯಿತು. ನಮ್ಮಲ್ಲಿ ಆ ಜಾಲಗಳು ಈಗ ಮುಚ್ಚಿವೆ. ಆದರೆ 4ಜಿ, 5ಜಿ ಟವರ್‌ಗಳಲ್ಲೂ ಇದೇ ಬಗೆಯ ಸೂತ್ರ ಕೆಲಸ ಮಾಡುತ್ತಿದೆ. ಸೂತ್ರ ಎಷ್ಟೇ ಜಾಣತನದ್ದಾದರೂ ಹಂಚುವುದು ಟವರ್‌ನಲ್ಲಿ ಇದ್ದಷ್ಟನ್ನೇ. ಡಾಂಗಲ್ ಡಬ್ಬಿಯ ಮೇಲಿನ ಅಂಕಿ ಇಡೀ ಪಾತ್ರೆಯದು, ನಿಮ್ಮ ಪಾಲಿನದಲ್ಲ. ಹಾಗಾಗಿ ಕೊಳ್ಳುವ ಮುನ್ನ ಅದೇ ಕಂಪನಿಯ ಸಿಮ್ ಇರುವ ಫೋನ್ ತಂದು, ರಾತ್ರಿ ಎಲ್ಲರೂ ವಿಡಿಯೊ ನೋಡುವ ಹೊತ್ತಿನಲ್ಲಿ, ನೀವು ಕೆಲಸ ಮಾಡುವ ಮೇಜಿನ ಮೇಲೇ ಹಾಟ್‌ಸ್ಪಾಟ್ ಹಚ್ಚಿ ನೋಡಿ. ಆಗಲೂ ಕೆಲಸ ನಡೆದರೆ ದುಡ್ಡಿಗೆ ಮೋಸವಿಲ್ಲ.